ಏಳನೆಯ ಹೊಲಿಗೆ

ನಮ್ಮ ಆಟದಲ್ಲಿ ಲೋಕದ್ವಾರ ಮುಚ್ಚುವುದು ಹೀಗೆ:
ಮಾಟಗಾತಿ ಮುಳ್ಳಿನ ಸೂಜಿ ಹಿಡಿದು
ಗಾಳಿಯ ಹರಿದ ಅಂಚಿಗೆ ಏಳು ಹೊಲಿಗೆ ಹಾಕಬೇಕು.
ತ್ರಿಕೋನದ ಗುಂಡಿಯಿಂದ ಬೆರಳು ತೆಗೆಯುವಂತಿಲ್ಲ,
ತೆಗೆದರೆ ಎಲ್ಲ ಬಿಚ್ಚಿಕೊಳ್ಳುತ್ತದೆ.
ಒಂದೊಂದು ಹೊಲಿಗೆಗೂ ನೀಲಿ ಪಟ್ಟಿಯಲ್ಲಿ ಶಕ್ತಿ ಇಳಿದು
ಏಳನೆಯದಕ್ಕೆ ದಾರ ಸಾಲದೆ
ತಲೆಯ ಕೂದಲೊಂದನ್ನು ಕಿತ್ತು ಪೋಣಿಸುತ್ತಾಳೆ.
ಕೂದಲಿನ ಉಪಾಯ ಗೋಚಾನದು.
ಸಂಬಳ ತಡವಾದ ತಿಂಗಳಲ್ಲಿ ಹೊಳೆದದ್ದಂತೆ.

ಪರದೆಯ ಹಿಂದೆ ಸೂಜಿಯಿಲ್ಲ, ಕೂದಲಿಲ್ಲ.
ನಾನು ಬರೆದದ್ದು ಒಂದೇ ಸಾಲು:
ಆಚೆಯ ಲೋಕವನ್ನು ಮೆಮೊರಿಯಿಂದ ಇಳಿಸು.
ಬೆಟ್ಟ ಹೋಗುತ್ತದೆ, ಬೆಟ್ಟದ ನೆರಳು ಹೋಗುತ್ತದೆ,
ಒಂಬತ್ತು ತಲೆಯ ದೇವಿ ಹೋಗುತ್ತಾನೆ
(ನಮ್ಮ ಅಜ್ಜಿಕಥೆಗಳಲ್ಲಿ ರಾಕ್ಷಸನ ಹೆಸರೇ ದೇವಿ),
ಅವನ ಒಲೆಯ ಮೇಲೆ ಕುದಿಯುತ್ತಿದ್ದ ಹಂಡೆಯೂ.
ದಿಗ್ಬಂಧನವೆಂದರೆ ಇಷ್ಟೇ: ಜಾಗ ಖಾಲಿ ಮಾಡಿಸುವುದು.

ಬಗ್ ಸಂಖ್ಯೆ ೨೨೧೪.
ಹಿಡಿದವನು ಉಚಾ, ಹನ್ನೊಂದು ವರ್ಷ,
ಶನಿವಾರಗಳಂದು ನಾವು ಕಟ್ಟಿದ್ದನ್ನು ಕೆಡಿಸಲು ಬರುತ್ತಾನೆ,
ಕೂಲಿ ಒಂದು ಬಿಸಿ ಖಚಪುರಿ.
ವಕ್ರ ಅಕ್ಷರದಲ್ಲಿ ಬರೆದಿದ್ದ:
'ಮುಚ್ಚಿದ ಮೇಲೂ ಆಚೆ ಯಾರೋ ಇದ್ದಾರೆ.'

ಹೆಡ್‌ಫೋನ್ ಹಾಕಿಕೊಂಡೆ.
ಏಳು ಹೊಲಿಗೆ. ಗಾಳಿಯ ಮೇಲೆ ಗಾಯದ ಗುರುತು.
ಸುಮ್ಮನೆ ನಿಂತೆ, ಆಟದಲ್ಲಿ ಯಾರೂ ನಿಲ್ಲದಷ್ಟು ಹೊತ್ತು.
ಕಡಲು.
ಆಮೇಲೆ ಒಂದು ನಾಯಿ, ಮೂರು ಸಲ.
ಎಣಿಸಿ ಬಿಟ್ಟಂತೆ, ಇನ್ನೊಂದು ಸಲ.

ಆ ಸದ್ದು ತ್ಸಿಯಾಲಾ ತಂದದ್ದು, ಉಚಾನ ಅಜ್ಜಿ.
ಎಂಗುರಿ ನದಿ ಕಪ್ಪು ಸಮುದ್ರಕ್ಕೆ ಬೀಳುವ ಕಡೆ
ಮೈಕಿಗೆ ಉಣ್ಣೆಯ ಕಾಲುಚೀಲ ತೊಡಿಸಿ
ಮರಳಲ್ಲಿ ಕೂತು ಹಿಡಿದಿದ್ದಳು.
ನದಿಯಾಚೆ, ಇನ್ನೂ ಆಚೆ, ಓಚಮ್ಚಿರೆ:
ಅವಳು ಲಗ್ನವಾದ ಊರು, ಯುದ್ಧದ ವರ್ಷ ಬಿಟ್ಟ ಊರು.
ನಡುವೆ ತಂತಿಬೇಲಿ, ಕಾವಲುಗೋಪುರ.
ನಾಯಿ ಬೊಗಳಿದ್ದು ಆ ದಡದಿಂದ.
'ಅದರ ಸದ್ದಿಗೆ ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ ನೋಡು'
ಎಂದು ಟೇಪು ಕೊಡುವಾಗ ನಕ್ಕಿದ್ದಳು.

ತಪ್ಪು ನನ್ನದೇ. ಲೋಕ ಇಳಿಸಿದೆ,
ಲೋಕದ ಸದ್ದು ಇಳಿಸಲು ಮರೆತೆ.
ಇನ್ನೊಂದು ಸಾಲು ಸೇರಿಸಿದೆ, ಕಾಫಿ ಆರುವುದರೊಳಗೆ ಮುಗಿಯಿತು.
ಈಗ ಏಳನೆಯ ಹೊಲಿಗೆ ಬಿದ್ದರೆ
ಬಾವಿಗೆ ಮುಚ್ಚಳ ಬಿದ್ದ ಹಾಗೆ.
ಗೋಚಾ ಭುಜ ತಟ್ಟಿದ. ೨೨೧೪, ಮುಚ್ಚಿದೆ.

ತ್ಸಿಯಾಲಾ ಕೇಳಿದಳು, ಕಣ್ಣು ಮುಚ್ಚಿ, ಎರಡು ಸಲ.
'ಚೆನ್ನಾಗಿದೆ' ಅಂದಳು. 'ಬಾಗಿಲು ಅಂದಮೇಲೆ
ಸರಿಯಾಗಿ ಮುಚ್ಚಬೇಕು, ಇಲ್ಲದಿದ್ದರೆ ಚಳಿ ಬರುತ್ತದೆ.'
ಹೆಡ್‌ಫೋನಿನ ತಂತಿ ಸುತ್ತಿಡುವುದಕ್ಕೆ
ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು.

ಉಚಾ ಮಾತ್ರ ಖಚಪುರಿ ಮುಟ್ಟಲಿಲ್ಲ.
ಹೊಲಿದ ಗಾಳಿಯ ಮುಂದೆ ಮಾಟಗಾತಿಯನ್ನು ನಿಲ್ಲಿಸಿ ಕೂತ.
ಹಿಂದಿನಿಂದ ತೋಳಗಳು ಬಂದು ಅವಳನ್ನು ತಿಂದವು.
ಮತ್ತೆ ನಿಲ್ಲಿಸಿದ.
ಮತ್ತೆ ತಿಂದವು.

ಆ ರಾತ್ರಿ ಎರಡು ಗಂಟೆಗೆ ನಾನು
ಹೊಸ ಸಾಲಿನ ಮುಂದೆ ಎರಡು ಓರೆಗೀಟು ಎಳೆದೆ.
ಎಳೆದರೆ ಯಂತ್ರ ಆ ಸಾಲನ್ನು ಓದುವುದಿಲ್ಲ, ದಾಟಿ ಹೋಗುತ್ತದೆ.
ಬಿಗಿಯದೆ ಬಿಟ್ಟ ಎರಡು ಹೊಲಿಗೆಯಂತೆ ಕಂಡವು.
ಸದ್ದನ್ನು ನೂರಕ್ಕೆ ಮೂರಕ್ಕೆ ಇಳಿಸಿದೆ, ಗೋಚಾನ ಕಿವಿಗೆ ಸಿಗದಷ್ಟು.
ಇದು ಸರಿಯೋ ತಪ್ಪೋ, ಬರೆದಿಡುವ ಜಾಗ
ಬಗ್ಗುಗಳ ಪಟ್ಟಿಯಲ್ಲಿ ಇರಲಿಲ್ಲ.

ಮುಂದಿನ ಶನಿವಾರ, ಸಬುರ್ತಾಲೋದ ನಮ್ಮ ಹಳೆಯ ಕಟ್ಟಡ.
ಅಲ್ಲಿ ಲಿಫ್ಟು ಹತ್ತು ತೆತ್ರಿಯ ನಾಣ್ಯ ನುಂಗದೆ ಅಲುಗುವುದಿಲ್ಲ.
ನಾಣ್ಯ ಬಿತ್ತು. ಕದಗಳು ಕೂಡತೊಡಗಿದವು.
ಓಣಿಯ ಆ ತುದಿಯಲ್ಲಿ ತ್ಸಿಯಾಲಾ,
ಮಂಡಿನೋವು, ಕೈಯಲ್ಲಿ ಮೈಕಿನ ಚೀಲ, ಅವಸರವಿಲ್ಲ.
ಉಚಾ ಸಂದಿಗೆ ಬೂಟು ತೂರಿಸಿದ.
ಲಿಫ್ಟು ಕಿರುಚಿತು, ಕದ ಬಂದು ಬೂಟಿಗೆ ಬಡಿಯಿತು,
ಹಿಂದೆ ಸರಿದು ಮತ್ತೆ ಬಡಿಯಿತು.
ಅವನು ಕಾಲು ತೆಗೆಯಲಿಲ್ಲ.