ಕೊಸರು

ಬಿಟ್ಟಿ ಖಾತೆಗೆ ಮೂವತ್ತೇ ಹೆಸರು.
ಅದರ ಮೇಲಾದರೆ ತಿಂಗಳಿಗೆ ಇಷ್ಟು ಡಾಲರು ಅಂತ
ಪರದೆಯ ಮೂಲೆಯಲ್ಲಿ ಒಂದು ದುಂಡುಮುಖದ ಗೊಂಬೆ
ನಗುತ್ತಲೇ ಕೈ ಚಾಚಿತು.
ರಿಪ್ಪನ್‌ಪೇಟೆ ಸಂತೆಯಲ್ಲಿ ಚೌಕಾಸಿ ಮಾಡಿ ಗೊತ್ತು ನನಗೆ,
ಕೊತ್ತಂಬರಿ ಕಟ್ಟಿನ ಮೇಲೆ ಎರಡು ಕಡ್ಡಿ ಕೊಸರು ಕೇಳಿ ಗೊತ್ತು.
ಇಲ್ಲಿ ಕೇಳುವುದು ಯಾರ ಹತ್ತಿರ?

ಏಳನೇ ಕ್ಲಾಸಿಗೆ ಮೂವತ್ತೊಂದು ಮಕ್ಕಳು.

ಬಣ್ಣದ ಚಕ್ರ ಅದು. ಒತ್ತಿದರೆ ಗಿರ್ರನೆ ತಿರುಗಿ
ಟಿಕ್ ಟಿಕ್ ಟಿಕ್ ಎಂದು ಸುಸ್ತಾಗಿ
ಯಾರದೋ ಹೆಸರಿನ ಮೇಲೆ ನಿಲ್ಲುತ್ತದೆ.
ಆ ಹೆಸರಿನವರು ಎದ್ದು ಬಂದು ಲೆಕ್ಕ ಬಿಡಿಸಬೇಕು.
ಮೊದಲಾದರೆ ಕೇಳಿದ್ದಕ್ಕೆಲ್ಲ ಕೈಯೆತ್ತುತ್ತಿದ್ದವಳು
ಪೋಸ್ಟ್‌ಮಾಸ್ಟರ ಮಗಳು ಒಬ್ಬಳೇ.
ಈಗ ಗುತ್ಯಪ್ಪನೂ ಏಳುತ್ತಾನೆ, ತಸ್ಲೀಮಳೂ ಏಳುತ್ತಾಳೆ,
ಕೊನೇ ಬೆಂಚಿನ ಭೂತೇಶ ಹೆದರಿ
ಹದಿನೇಳರ ಮಗ್ಗಿ ಬಾಯಿಪಾಠ ಮಾಡಿದ್ದಾನೆ.
“ಟೀಚರ್ ಕೇಳಿದ್ದಲ್ಲ, ಚಕ್ರ ಕೇಳಿದ್ದು” ಅನ್ನುತ್ತವೆ ಮಕ್ಕಳು.
ತಪ್ಪಿದರೂ ಅಷ್ಟು ನಾಚಿಕೆಯಿಲ್ಲ.

ದೋಸೆಗೆ ಅಕ್ಕಿ ನೆನೆಹಾಕಿ, ಒಂದು ರಾತ್ರಿ ಕೂತು
ಹಾಜರಿ ಪುಸ್ತಕದ ಕ್ರಮದಲ್ಲೇ ಹೆಸರು ಹೊಡೆಯುತ್ತ ಬಂದೆ.
ಮೂವತ್ತೊಂದನೆಯವನು ದ್ಯಾಮಣ್ಣ.
ಹಾನಗಲ್ ಕಡೆಯವನು, ಶುಂಠಿ ಕೀಳಲು ಬಂದವರ ಮಗ,
ದೀಪಾವಳಿ ಕಳೆದು ಸೇರಿದ್ದಕ್ಕೆ ಕೊನೆಯ ನಂಬರು.
ಹೇಗೂ ಫೆಬ್ರವರಿಗೆ ಹೋಗುವವ, ಅಂದುಕೊಂಡೆ.
ಅಂದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ,
ಅಳಿಸುವುದಿಲ್ಲ.

ವಾರ ಕಳೆದು ಮೇಜಿನ ಹತ್ತಿರ ಬಂದು ನಿಂತ,
ಉಗುರಿನೊಳಗೆ ಮಣ್ಣು:
“ಟೀಚರ್ರೀ, ಚಕ್ರದಾಗ ನಾ ಇಲ್ರೀ.”
ಡಾಲರಿನ ಸಮಾಚಾರ ಇವನಿಗೆ ಹೇಗೆ ಹೇಳಲಿ?
“ನೀನು ಒತ್ತುವವನಲ್ಲವಾ” ಅಂದೆ,
ಆ ಕ್ಷಣಕ್ಕೆ ಬಾಯಿಗೆ ಬಂದ ಸುಳ್ಳು.
ಅವತ್ತಿನಿಂದ ಒತ್ತಿದ. ಬೆರಳು ಚಡ್ಡಿಗೆ ಒರೆಸಿಕೊಂಡು,
ನನ್ನ ಹಳೇ ಲ್ಯಾಪ್‌ಟಾಪಿನ ಮುಂದೆ
ಮಂಗಳಾರತಿ ಎತ್ತುವವನ ಹಾಗೆ ನಿಂತು.
ಮೂವತ್ತು ಎದೆ ಡವಡವ ಅನ್ನುವಾಗ
ಅವನೊಬ್ಬನೇ ನಿರಾಳ.
ಅವನಿಗೆ ಭಿನ್ನರಾಶಿ ಬರುತ್ತದೋ ಇಲ್ಲವೋ
ಚಕ್ರ ಕೇಳಲಿಲ್ಲ. ನಾನೂ.

ಶುಂಠಿ ಮುಗಿಯಿತು. ಒಂದು ಸೋಮವಾರ ಅವನಿರಲಿಲ್ಲ.
ಟಿ.ಸಿ. ಕೇಳಲು ಯಾರೂ ಬರಲಿಲ್ಲ.
ಕ್ಲಾಸು ಸರಿಯಾಗಿ ಮೂವತ್ತಾಯಿತು, ಚಕ್ರದ ಅಳತೆಗೆ.
ಆದರೆ ಒತ್ತುವವರಿಲ್ಲ:
ಎಲ್ಲರೂ ಒಳಗಿದ್ದಾರೆ, ಯಾರು ಒತ್ತಿದರೂ
ಮೋಸ ಮಾಡಿದ ಅಂತ ಜಗಳ.

ಪರೀಕ್ಷೆಗೆ ಮುಂಚೆ, ಇನ್ನೊಂದು ಬಿಟ್ಟಿ ಫಾರ್ಮಿನಲ್ಲಿ
ಹತ್ತು ಪ್ರಶ್ನೆ ಮಾಡಿ ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದೆ.
ಗುಂಪಿನಿಂದ ಯಾರನ್ನೂ ತೆಗೆಯುವುದು ನೆನಪಾಗಿರಲಿಲ್ಲ,
ಮರೆವಿಗೂ ಒಂದು ಪುಣ್ಯವಿರುತ್ತದೆ.
ರಾತ್ರಿ ಹತ್ತೂ ನಲವತ್ತಕ್ಕೆ
ಹಾಳೆಗೆ ಒಂದು ಸಾಲು ಬಂದು ಬಿತ್ತು:
ದ್ಯಾಮಣ್ಣ, ಏಳನೇ ತರಗತಿ, ಹತ್ತಕ್ಕೆ ಆರು.
ಭಿನ್ನರಾಶಿ ನಾಲ್ಕೂ ತಪ್ಪು.

ಬೆಳಿಗ್ಗೆ ಅವನಪ್ಪನ ನಂಬರಿಗೆ ಮಾಡಿದೆ. ಸ್ವಿಚ್ಡ್ ಆಫ್.
ಮಧ್ಯಾಹ್ನ ಬಿಸಿಯೂಟ ಬಡಿಸಿ, ಕೈ ತೊಳೆದು,
ಭಿನ್ನರಾಶಿಯದೇ ಹೊಸ ಫಾರ್ಮು ಮಾಡಿದೆ,
ಹತ್ತಕ್ಕೆ ಹತ್ತೂ ಮುಕ್ಕಾಲು, ಅರೆಪಾವು, ಕಾಲು ಮೂಟೆ.
ಅದರ ಮೇಲೊಂದು ಹನ್ನೊಂದನೆಯದು,
ಅಂಕ ಸೊನ್ನೆ, ಕೊಸರು:
ನೀನು ಈಗ ಯಾವ ಊರಲ್ಲಿದ್ದೀಯ?

ತಸ್ಲೀಮ: ರಿಪ್ಪನ್‌ಪೇಟೆ.
ಭೂತೇಶ: ನಿಮ್ಮ ಹಿಂದಿನ ಬೀದಿ ಟೀಚರ್, ಮರೆತ್ರಾ?
ಪೋಸ್ಟ್‌ಮಾಸ್ಟರ ಮಗಳು ಪಿನ್‌ಕೋಡ್ ಸಮೇತ ಬರೆದಿದ್ದಳು.

ಮೂರು ದಿನ ಬಿಟ್ಟು ಮೂವತ್ತೊಂದನೇ ಸಾಲು.
ಹತ್ತಕ್ಕೆ ಐದು.
ಊರಿನ ಹೆಸರು ಗೊತ್ತಿಲ್ರೀ ಟೀಚರ್.
ಇಲ್ಲೂ ಶುಂಠೀನ ಐತ್ರೀ.