ಕೈ ಎತ್ತಿದರೆ ನಿಲ್ಲಿಸುತ್ತೇನೆ

ಕಾವ್ಲಾಕ್ ಕಡಲೆಕಾಯಿಯ ಊರು.
ಇಲ್ಲಿ ಹಲ್ಲಿದ್ದವರಿಗೂ ಕಡಲೆಯುಂಟು, ಇಲ್ಲದವರಿಗೂ ಉಂಟು,
ಅವರು ಕುಟ್ಟಿ ಗಂಜಿ ಮಾಡಿಕೊಳ್ಳುತ್ತಾರೆ.
ನಾನು ಇದ್ದವರಿಗೆ ಕಡ್ಡಿ ಮಾರುವವನು,
ಬಸ್ ನಿಲ್ದಾಣದ ಗೇಟಿನ ಬಳಿ, ಮೂವತ್ತೊಂದು ವರ್ಷ.

ಜಾಲಿ, ಬೇವು, ಹುಣಸೆ, ಸೀಬೆ,
ತಲೆಯ ಮೇಲಿನ ತಟ್ಟೆಯಲ್ಲಿ ಸಿವುಡು ಸಿವುಡಾಗಿ
ಒದ್ದೆ ಗೋಣಿ ಹೊದ್ದು ಮಲಗಿರುತ್ತವೆ.
ಕಹಿ ಬೇಕೆ, ಒಗರು ಬೇಕೆ, ಬಸುರಿ ಹೆಂಗಸಿಗೆ ಬೇಕೆ,
ತಂಬಾಕು ಬಿಟ್ಟವನಿಗೆ ಬೇಕೆ, ಕೇಳಿ ಕೊಡುತ್ತೇನೆ.
ಐವತ್ತು ಫ್ರಾಂಕ್. ಎರಡು ಕೊಂಡರೆ ಒಂದು ಮಾತು ಉಚಿತ:
ತುದಿ ಜಗಿದು ಕುಂಚ ಮಾಡು,
ಕಡ್ಡಿ ಬಾಯಲ್ಲಿರುವಾಗ ಸುಳ್ಳು ಹೇಳಬೇಡ.

ಬಸ್ಸಿನ ಕಿಟಕಿಗಳಿಗೆ ಕೈ ಎತ್ತುತ್ತೇನೆ.
ಕೆಲವು ನಿಧಾನಿಸುತ್ತವೆ.
ಡಕಾರಿನದು ಧೂಳು ಕೊಟ್ಟು ಹೋಗುತ್ತದೆ.

ಅಂಥ ನನಗೆ ಹಲ್ಲುನೋವು ಬಂತು.
ಎಡ ದವಡೆ, ತೀರ ಕೊನೆಯದು. ಯಾರಿಗೆ ಹೇಳಲಿ?
ಛತ್ರಿ ಮಾರುವವನು ನೆನೆದು ಮನೆಗೆ ಬಂದ ಹಾಗೆ.
ಲವಂಗ ಕಚ್ಚಿದೆ. ಉಪ್ಪುನೀರು ಮುಕ್ಕಳಿಸಿದೆ.
ಜಾಲಿ ಚಕ್ಕೆಯ ಕಷಾಯ, ನನ್ನದೇ ಸರಕು,
ಕಳ್ಳನಂತೆ ಕುಡಿದೆ.
ಹಗಲು ಸುಮ್ಮನಿರುತ್ತಿತ್ತು.
ರಾತ್ರಿ ಕಿವಿಯೊಳಗೆ ಯಾರೋ ಕಡಲೆ ಹುರಿಯುತ್ತಿದ್ದರು.
ಆರನೆಯ ಬೆಳಗ್ಗೆ ತೆನಿಂಗ್ ಅಂದಳು:
"ನಿನ್ನ ಮರಗಳು ನಿನ್ನ ಕೈಬಿಟ್ಟವು. ಏಳು."

ತಟ್ಟೆಯನ್ನು ಕಿತ್ತಳೆ ಮಾರುವ ಹುಡುಗನಿಗೊಪ್ಪಿಸಿ
ಸುತ್ತುದಾರಿ ಹಿಡಿದೆ, ಗಿರಾಕಿಗಳು ಕಾಣದಂತೆ.
ಡಾಕ್ಟರ್ ಙೋಮ್‌ಗೆ ನನ್ನ ಕಿರಿಮಗಳ ವಯಸ್ಸು.
"ದಿನಾ ಹೇಗೆ ಉಜ್ಜುತ್ತೀರಿ, ತೋರಿಸಿ."
ಜೇಬಿನಿಂದ ಕಡ್ಡಿ ತೆಗೆದೆ.
ಊರಿಗೆಲ್ಲ ತೋರಿಸಿಕೊಟ್ಟ ಕೈ ನಡುಗಿತು.
ಅವಳು ನಗಲಿಲ್ಲ, ಕನ್ನಡಿ ಹಿಡಿದಳು.
ಮುಂದಿನ ಹಲ್ಲುಗಳು ತೊಳೆದಿಟ್ಟ ಕವಡೆ.
ಹಿಂದೆ, ನನ್ನ ಕಡ್ಡಿ ಎಂದೂ ತಿರುಗದ ಓಣಿಯಲ್ಲಿ,
ದಿನಕ್ಕೆ ಮೂರು ಸುತ್ತಿನ ಚಹಾದ ಸಕ್ಕರೆ
ಬೀಡು ಬಿಟ್ಟು ಮನೆ ಕಟ್ಟಿ ಮಕ್ಕಳು ಮಾಡಿತ್ತು.
ಜಗುಲಿ ಗುಡಿಸಿದ್ದೆ. ಹಿತ್ತಲು ಮರೆತಿದ್ದೆ.
ಕಡ್ಡಿಯ ತಪ್ಪಲ್ಲ, ಅಂದಳು.
ಯಾರ ತಪ್ಪೆಂದು ಹೇಳಲಿಲ್ಲ.
ಕೀಳಬೇಕು, ಅಂದಳು.

ಚುಚ್ಚುವ ಮುಂಚೆ ಸೂಜಿ ತೋರಿಸಿದಳು,
ಹಿಡಿಯುವ ಮುಂಚೆ ಇಕ್ಕಳ.
"ನೋವಾದರೆ ಎಡಗೈ ಎತ್ತಿ, ನಿಲ್ಲಿಸುತ್ತೇನೆ."
ಬಾಯಿ ತೆರೆದು ಮಲಗಿದವನಿಗೆ ಸ್ವರಗಳಷ್ಟೇ,
ವ್ಯಂಜನವಿಲ್ಲ, ಯಾವ ಅರ್ಥದಲ್ಲೂ.
ಆ ಆ ಅನ್ನುತ್ತಾ ಕೈ ಎತ್ತಿದೆ.

ನಿಲ್ಲಿಸಿದಳು.

ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಎತ್ತಿದೆ.
ಆಗ ನೋವಿರಲಿಲ್ಲ, ನಿಜ ಹೇಳಬೇಕೆಂದರೆ.
ಮತ್ತೂ ನಿಲ್ಲಿಸಿದಳು. ಮುಸುಕಿನ ಮೇಲಿನ ಕಣ್ಣು
ಏನಾಯಿತೆಂದು ಕೇಳಿತು.
ಏನಿಲ್ಲ ತಾಯಿ, ನಡಿ, ಎಂದು ಕೈ ಬೀಸಿದೆ,
ಡ್ರೈವರಿಗೆ ಬೀಸುವ ಹಾಗೆ.

ಮನೆ ಮುಟ್ಟಿ ಹೆಂಡತಿಯನ್ನು ಕರೆದೆ.
ನಾಲಿಗೆ ಇನ್ನೂ ಮರಗಟ್ಟಿತ್ತು, ‘ಎನಿಂಗ್’ ಅಂದಿತು.
"ಹಲ್ಲಿನ ಜೊತೆ ನನ್ನ ಅಕ್ಷರವನ್ನೂ ಕಿತ್ತರಾ?"
ಅವಳು ನಕ್ಕಳು. ಹಿತ್ತಲವರೆಗೂ ಕಂಡಿತು:
ಅಲ್ಲೂ ಒಂದು ಕಪ್ಪು ಚುಕ್ಕೆ.
ನೋಡದವನಂತೆ ಇರಲಾಗಲಿಲ್ಲ.
ಬರುವ ಮಂಗಳವಾರ ಇಬ್ಬರೂ ಹೋಗುತ್ತೇವೆ, ನೇರ ದಾರಿಯಲ್ಲೇ.

ಈಗ ಎರಡು ಕೊಂಡರೆ ಎರಡು ಮಾತು ಉಚಿತ.
ಚಹಾ ಬಿಟ್ಟೆಯಾ ಎಂದು ಕೇಳಬೇಡಿ,
ಕಡ್ಡಿ ಬಾಯಲ್ಲಿದೆ.
ಮೂರನೆಯ ಸುತ್ತು, ಎಲ್ಲಕ್ಕಿಂತ ಸಿಹಿಯಾದದ್ದು,
ಬಲಗಡೆಯಿಂದ ಕುಡಿಯುತ್ತೇನೆ.