ಹೆಚ್ಚಿದವು

ಗದಗದ ಕೋರ್ಟಿನಿಂದ ಬಂದ ಕಾಗದ
ಇಂಗ್ಲಿಷಿಗೆ ತಿರುವಿ ಹಾಕೋದು ನನ್ನ ನೌಕರಿ,
ಧಾರವಾಡದ ಹೈಕೋರ್ಟಿನ್ಯಾಗ, ಫ್ಯಾನಿನ ಕೆಳಗ.
ಹಾಳಿ ಹಾರತಾವ. ಕೈಯಾಗೊಂದು ಕಲ್ಲು ಇರಬೇಕು.

ಇವತ್ತಿನ ಫೈಲು ಬೆಟಗೇರಿದು.
ಹಿಂದಕ್ಕ ಸರದ ಲಾರಿ ಮಗ್ಗದ ಖೋಲಿ ಗ್ವಾಡಿ ಕೆಡವೇತಿ.
ಒಳಗ, ಕುಣಿಯಾಗ ಕಾಲು ಇಳಿಬಿಟ್ಟು
ಲಾಳಿ ಹಗ್ಗ ಜಗ್ಗತಿದ್ದಾಕಿ
ಬನಶಂಕ್ರವ್ವ ಕುದರಿಮೋತಿ.

ಡಾಕ್ಟರು ಬರದದ್ದು: ಬಲಗೈ, ನರಕ್ಕ ಹಾನಿ.
ಪಂಚರು ಲುಕ್ಸಾನ ಅಂದಾರ, ಗ್ವಾಡಿಗಷ್ಟ.
ಲಾರಿಗೂ ಒಂದು ಪುಟ ಐತಿ ಮತ್ತ: ಹಿಂದಿನ ದೀಪ, ಜಖಂ.
ಮಗ್ಗದ ಮ್ಯಾಲೆ ಅರ್ಧ ಆಗಿದ್ದ ಸೀರಿಗೆ
ಸಾವಕಾರ ಚೀಟಿ ಹಚ್ಚ್ಯಾನ, ಡ್ಯಾಮೇಜ್ ಮಾಲು,
ಕೂಲಿ ಇಲ್ಲ.

ಇವೆಲ್ಲಕ್ಕೂ ಇಂಗ್ಲಿಷಿನ್ಯಾಗ ನನಗ ಒಂದ ಪದ ಸಾಕಾತು.
ಅದರ ಬಾಲಕ್ಕ ಹಾವಿನಂಥ ಒಂದಕ್ಷರ ಕಟ್ಟಿದರ
ಹಾನಿ ಹೋಗಿ ಪರಿಹಾರ ಆಗತೈತಿ, ರೊಕ್ಕ ಆಗತೈತಿ.
ಹದಿನಾರು ವರ್ಷ ಆತು.
ಆ ಅಕ್ಷರ ಒತ್ತೋದು ಎಡಗೈ ಉಂಗುರಬೆರಳು.

ಆಮ್ಯಾಲೆ ಆಕಿ ಜಬಾನಿ.
ವಕೀಲರು ಕೇಳ್ಯಾರ: ಏನೇನು ಕಳಕೊಂಡಿ?
ಕೈ ಸುದ್ದಿ ಎತ್ತಿಲ್ಲ ಆಕಿ. ಸೀರಿ ಸುದ್ದಿನೂ ಇಲ್ಲ.
“ಅವತ್ತ ಬಲಗೈಯಾನ ಬಳಿ ಎಲ್ಲಾ ಹೆಚ್ಚಿದವ್ರಿ.”

ಇಲ್ಲಿ ನಿಂತವು ಬೆರಳು.
ನಮ್ಮವ್ವನೂ ಹಂಗ. ಬಳಿ ಒಡದವು ಅಂದ್ರ
ಬಾಯಿಗೆ ಒಂದು ಏಟು ಬೀಳತಿತ್ತು.
ದೀಪ ಆರತಿದ್ದಿಲ್ಲ ನಮ್ಮನ್ಯಾಗ, ದೊಡ್ಡದಾಗತಿತ್ತು;
ಜ್ವಾಳದ ಡಬ್ಬಿ ತೀರತಿದ್ದಿಲ್ಲ, ತುಂಬತಿತ್ತು.
ಅಷ್ಟೆಲ್ಲ ತುಂಬಿದ ದಿನ ನಾವು ಗಂಜಿ ಕುಡದು ಮಲಗತಿದ್ವಿ.

ಒಡದವು ಅಂತ ಬರದರ
ಆಡದ ಮಾತು ಆಕಿ ಬಾಯಿಗೆ ಇಟ್ಟಂಗ.
ಹೆಚ್ಚಿದವು ಅಂತನ ಇಳಿಸಿದರ
ವಿಮಾ ಕಂಪನಿ ವಕೀಲ ಎದ್ದು ನಿಲ್ಲತಾನ:
ಸ್ವಾಮಿ, ಸದರಿ ಅಪಘಾತದಿಂದ
ಅರ್ಜಿದಾರಳಿಗೆ ಬಳೆಗಳ ಲಾಭವಾಗಿರುತ್ತದೆ.

ಚಹಾ ಬಂತು, ಆರಿತು.
ಕೊನೀ ಪುಟದಾಗ ಹೆಬ್ಬಟ್ಟು, ಎಡಗೈದು, ಶಾಯಿ ತುಸು ಹರಡೇತಿ.
ಹಳೇ ಪಾಸ್‌ಬುಕ್ಕಿನ ಝೆರಾಕ್ಸಿನ್ಯಾಗ ಆಕಿ ಸಹಿ ಐತಿ,
ದುಂಡ ಅಕ್ಷರ, ಕ್ರ-ದ ಬಾಲ ಅಂಚಿನ ತನಕ ಎಳದದ್ದು,
ಸೆರಗಿನ ಎಳಿ ಬಿಟ್ಟಂಗ.

ಒಡದವು ಅಂತನ ಬರದೆ.
ಬರದು, ಆಚೀಚೆ ನೋಡಿ,
ನನ್ನ ಬಾಯಿಗೆ ನಾನ ಮೆಲ್ಲಕ
ಒಂದು ಏಟು ಹಾಕ್ಕೊಂಡೆ.